ಆಲ್ವಿನ್ ಗೆದ್ದ ಚರ್ಚೆ

ಚೀಟಿ ಎತ್ತಿದಾಗ ಡಾ. ಆಲ್ವಿನ್ ಟೀಸ್‌ಡೇಲ್‌ಗೆ ವಿರೋಧ ಪಕ್ಷ ಬಂತು. ಎಲ್ಲ ಅನಾಹುತಕ್ಕೂ ಅದೇ ಮೂಲ.

ಹೋಬಾರ್ಟ್‌ನ ರಕ್ತ ಕ್ಯಾನ್ಸರ್ ವೈದ್ಯರು ಆ ಚಳಿಗಾಲ ಉಪನ್ಯಾಸ ಕೇಳುವುದನ್ನು ಬಿಟ್ಟು ಚರ್ಚೆಗಿಳಿದಿದ್ದರು. ತಾನು ನಂಬದ ಪಕ್ಷವನ್ನೂ ವಾದಿಸಿದರೇನೇ ವೈದ್ಯನ ಕಣ್ಣು ತೆರೆಯುವುದು ಎಂದು ಹಿರಿಯರ ಮತ. ಅಂದಿನ ವಿಷಯ: ಎಪ್ಪತ್ತು ದಾಟಿದವರಿಗೆ ಅಸ್ಥಿಮಜ್ಜೆ ಕಸಿ ಬೇಕೇ? ಬೇಕೇ ಬೇಕು ಎಂದು ಜೀವಮಾನವೆಲ್ಲ ಹೇಳಿಕೊಂಡು ಬಂದ ಆಲ್ವಿನ್ ಈಗ ಬೇಡ ಎನ್ನಬೇಕಿತ್ತು.

ಛಲಕ್ಕೆ ಬಿದ್ದು ಓದಿಕೊಂಡು ಬಂದ. "ಮುದುಕರನ್ನ ಕೋಣೇಲಿ ಕೂಡಿಹಾಕಿ, ಬಾಯೆಲ್ಲ ಹುಣ್ಣು ಮಾಡಿ, ಉಳಿದಿರೋ ನಾಲ್ಕು ಒಳ್ಳೇ ದಿನಾನೂ ಕಿತ್ಕೊಳ್ತೀವಿ. ಅದಕ್ಕೆ ಚಿಕಿತ್ಸೆ ಅಂತೀವಿ!"

ಎದುರು ಪಕ್ಷದ ಡಾ. ಸೆಫೀನಾ ಬಿರುಗಾಳಿಗೆ ಸಿಕ್ಕ ಕೊಡೆಯಂತಾದಳು. ಸಭೆಯೆಲ್ಲ ಅವನ ಪರ ಕೈಯೆತ್ತಿತು. ಹಿಂದೆ, ಕೇಳಲು ಕರೆದಿದ್ದ ರೋಗಿಗಳ ಸಾಲಿನಲ್ಲಿ, ಎಲ್ಲಕ್ಕಿಂತ ಎತ್ತರ ಎದ್ದ ಕೈ ನೊಯೆಲೀನಳದು.

ಆಲ್ವಿನ್‌ನ ರೋಗಿ ಅವಳು. ಡರ್ವೆಂಟ್ ನದಿಯ ದೋಣಿಯಲ್ಲಿ ಟಿಕೆಟ್ ಹರಿಯುತ್ತ ಎಪ್ಪತ್ತು ದಾಟಿದ ಹೃದಯ ಸೋತರೂ ಮನಸ್ಸು ಗಟ್ಟಿಯಿದ್ದ ಆ ಹೆಂಗಸನ್ನು ಕಸಿಗೆ ಒಪ್ಪಿಸುವಷ್ಟರಲ್ಲಿ ಅವನ ಗಂಟಲ ಪಸೆ ಆರಿತ್ತು. ಸೋಮವಾರ ಅವಳು ಆಸ್ಪತ್ರೆಗೆ ಸೇರಬೇಕಿತ್ತು.

ಚಹಾದ ಮೇಜಿನ ಬಳಿ ಅವಳನ್ನು ಹಿಡಿದ. "ನೊಯೆಲೀನ್, ಅದು ಬರೀ ಚರ್ಚೆ ಕಣ್ರೀ!"

"ಹೇಳಿದ್ದೆಲ್ಲ ಸುಳ್ಳಾ, ಮಾರಾಯಾ?"

"ಸುಳ್ಳಲ್ಲ, ಆದ್ರೆ..."

"ಮತ್ತೆ ನನ್ಹತ್ರ ಯಾಕೆ ಹೇಳ್ಲಿಲ್ಲ?"

ಬಾಯ್ತುಂಬ ಕೇಕು ತುಂಬಿಕೊಂಡಿದ್ದ ನರ್ಸ್ ಬ್ರೆಂಟನ್ ನಡುವೆ ತಲೆ ಹಾಕಿದ. "ಭಲೇ ಮಾತು ಡಾಕ್ಟ್ರೇ! ನಮ್ಮತ್ತೆಗೂ ಕಸಿ ಬೇಡ ಅಂತ ಈಗಷ್ಟೇ ಫೋನ್ ಮಾಡ್ದೆ."

ಆಲ್ವಿನ್ ಸೆಫೀನಾಳ ಬಳಿ ಓಡಿದ. "ನೀನಾದ್ರೂ ಅವಳಿಗೆ ತಿಳಿಸಿ ಹೇಳೇ."

"ಸೋಲಿಸೋನೂ ನೀನೇ, ಕಾಲು ಹಿಡಿಯೋನೂ ನೀನೇ!" ಎನ್ನುತ್ತ ಅವಳು ನೊಯೆಲೀನಳನ್ನು ಪಕ್ಕದ ಕೋಣೆಗೆ ಕರೆದೊಯ್ದಳು.

ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಕುಳಿತು ಆಲ್ವಿನ್ ತನ್ನ ವಾದಕ್ಕೆ ತಾನೇ ಉತ್ತರ ಹುಡುಕತೊಡಗಿದ. ಕಿಟಕಿಯಾಚೆ ಬೆಟ್ಟವನ್ನು ಮೋಡ ನುಂಗಿತ್ತು. ಉತ್ತರದ ಬದಲು ಮುಖಗಳು ಬಂದವು: ಅವನ ಮಾತು ನಂಬಿ ಆ ಕೋಣೆ ಹೊಕ್ಕು, ಹೊರಗೆ ಬಾರದವರು. ಬದುಕಿ ಬಂದವರೂ ಇದ್ದರು. ಆದರೆ ಅವರಲ್ಲಿ ನೊಯೆಲೀನಳಷ್ಟು ಸೋತ ಹೃದಯದವರು ಯಾರೂ ನೆನಪಾಗಲಿಲ್ಲ. ಇವಳಿಗೆ ಕಸಿ ಬೇಡ. ಗುಳಿಗೆ ಕೊಟ್ಟು ಮನೆಗೆ ಕಳಿಸಬೇಕು. ನಿರ್ಧಾರ ಮಾಡಿಕೊಂಡು ಎದ್ದ.

ಬಾಗಿಲು ತೆರೆಯಿತು. ನೊಯೆಲೀನಳ ಕಣ್ಣು ಕೆಂಪಾಗಿತ್ತು. ನೇರ ಬಂದು ಅವನ ಕೈ ಹಿಡಿದಳು.

"ಆಯ್ತು, ಮಾಡಿಸ್ಕೋತೀನಿ. ನಿನ್ನ ಕೈಯಲ್ಲೇ. ಇಡೀ ಊರಲ್ಲಿ ಇದನ್ನ ಮನಸಾರೆ ನಂಬೋನು ನೀನೊಬ್ಬನೇ ಅಂತೆ, ಸೆಫೀನಾ ಹೇಳಿದ್ಲು. ಹೌದೇನೋ?"

ಬೇಡ ಎನ್ನಲು ಆಲ್ವಿನ್ ಬಾಯಿ ತೆರೆದ. ಅವಳು ಹಿಡಿದ ಕೈ ಬಿಡಲಿಲ್ಲ.

"ಹೌದು," ಎಂದ.