ನಲವತ್ತು ಕಡಲೆ ಬೇರು

ಒಂದಾನೊಂದು ಕಾಲದಲ್ಲಿ, ಅಂದರೆ ಎರಡು ಸಾವಿರದ ಒಂಬತ್ತರ ಡಿಸೆಂಬರಿನಲ್ಲಿ, ಚಾಮರಾಜನಗರದ ಒಂದು ಪ್ರಯೋಗಾಲಯದಲ್ಲಿ ಕಲಂದರ್ ಎಂಬ ದಿನಗೂಲಿ ಸಹಾಯಕನಿದ್ದ. ಕತೆಯ ರಾಜಕುಮಾರರಿಗೆ ಏಳು ಕಡಲಾಚೆಯ ಹೂವು ತರುವ ಕೆಲಸ ಬೀಳುತ್ತದೆ. ಇವನಿಗೆ ಬಿದ್ದದ್ದು ಉಡಿಗಾಲ ಎಂಬ ಹಳ್ಳಿಯ ಕಡಲೆ ಬೇರು.

"ಗಂಟು ಉದುರದ ಹಾಗೆ ನಲವತ್ತು ಬೇರು, ಸಂಜೆ ಐದರೊಳಗೆ. ತಂದರೆ ಕೆಲಸ ಖಾಯಂ. ಇಲ್ಲಾಂದ್ರೆ ನಾಳೆಯಿಂದ ಬರಬೇಡ," ಅಂದಿದ್ದರು ಪ್ರಯೋಗಾಲಯದ ಮುಖ್ಯಸ್ಥೆ ಪ್ರಿಯಾಂಕ ಮೇಡಂ. ಖಾಯಂ ಆದರೆ ಮಾತ್ರ ಗುಂಡ್ಲುಪೇಟೆಯ ಅಜೀಜಾಳನ್ನು ಮದುವೆ ಮಾಡಿಕೊಡುತ್ತೇವೆ ಎಂದಿದ್ದರು ಅವಳ ಮನೆಯವರು.

ಬೇರು ಕಿತ್ತು ಡಬ್ಬಿಗೆ ತುಂಬುವಾಗ ಹೊಲದೊಡತಿ ಸಣ್ಣತಾಯಮ್ಮ ಇಣುಕಿದಳು.

"ಇದೇನ್ಲಾ, ಗಂಟುಗಂಟು! ರೋಗ ಬಂದದಾ?"

"ರೋಗ ಅಲ್ಲ ಕಣವ್ವಾ, ಕ್ರಿಮಿ ಸಾಯ್ಸೋ ಔಷ್ಧಿ ಅದೆ ಇದ್ರಲ್ಲಿ."

ಮೇಡಂ ಹೇಳಿದ್ದರಲ್ಲಿ ಅದು ಅರ್ಧ ಮಾತ್ರ. ಆದರೂ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಊರು ಮುತ್ತಿತು. ಔಷಧಿ ಬೇರೆಂದರೆ ಮೈಗೆ ಕಟ್ಟಿಕೊಳ್ಳಬೇಕು ಎಂಬುದು ಅಲ್ಲಿನ ಶಾಸ್ತ್ರ. ಕಲಂದರ್ ಕೈ ತೊಳೆದು ಬರುವಷ್ಟರಲ್ಲಿ ಡಬ್ಬಿ ಖಾಲಿ! ಚಿಕ್ಕಯ್ಯನ ಕಜ್ಜಿಗಾಲಿನಲ್ಲಿ ಮೂರು ಬೇರು ಗೆಜ್ಜೆಯಂತೆ ತೂಗುತ್ತಿದ್ದವು. ರಾಚಮ್ಮನ ಎಮ್ಮೆ ಹನ್ನೆರಡು ಬೇರಿನ ಹಾರ ಹಾಕಿಕೊಂಡು ಮದುವಣಗಿತ್ತಿಯಂತೆ ತಲೆ ತಗ್ಗಿಸಿ ನಿಂತಿತ್ತು. ಉಳಿದವು ಯಾರ್ಯಾರದೋ ತೋಳಿನಲ್ಲಿ, ಸೊಂಟದಲ್ಲಿ.

"ಇನ್ನೊಂದ್ ಗಿಡ ಮುಟ್ಟೀಯೆ! ಮೊಮ್ಮಕ್ಕಳಿಗ್ ಬೇಕು," ಎಂದು ಸಣ್ಣತಾಯಮ್ಮ ಹೊಲಕ್ಕೆ ಅಡ್ಡ ನಿಂತಳು.

"ಕೊಡ್ರಪ್ಪಾ, ನನ್ ಕೆಲ್ಸ ಓಯ್ತದೆ!"

"ಓಗ್ಲಿ ಬುಡ್ಲಾ, ನನ್ ಕಾಲು ಉಳೀಲಿ," ಎಂದ ಚಿಕ್ಕಯ್ಯ.

ಗಂಟೆ ಮೂರೂವರೆ. ಕಲಂದರ್ ಅಳುಮೋರೆಯಲ್ಲಿ ಉಳಿದರ್ಧವನ್ನೂ ಹೇಳಿದ: "ಬದುಕಿರೋ ಕ್ರಿಮಿನೂ ಅದ್ರೊಳ್ಗೇ ಅವೆ! ಒಂದೊಂದ್ ಗಂಟಲ್ಲೂ ಕೋಟಿ ಕೋಟಿ!"

"ನಿನ್ ಬಾಯಿಗ್ ಮಣ್ಣಾಕ!" ಎಂದಿತು ಊರು.

ಚೇಳು ಹಿಡಿದಂತೆ ತುದಿಬೆರಳಲ್ಲಿ ಹಿಡಿದು ಎಲ್ಲರೂ ಬೇರು ತಂದು ಡಬ್ಬಿಗಿಟ್ಟರು. ರಾಚಮ್ಮನ ಎಮ್ಮೆ ಮಾತ್ರ ಹಾರ ಬಿಚ್ಚಿಕೊಡಲೊಲ್ಲದೆ ಕೆರೆಗಿಳಿಯಿತು. ಕಲಂದರನೂ ಇಳಿದ.

ಐದಕ್ಕೆ ಐದು ನಿಮಿಷ. ಪ್ರಯೋಗಾಲಯದಲ್ಲಿ ನೀರು ಸೋರಿಸಿಕೊಂಡು ನಿಂತವನ ಮುಂದೆ ಮೇಡಂ ಎಣಿಸಿದರು: ಸರಿಯಾಗಿ ನಲವತ್ತು, ಒಂದು ಗಂಟೂ ಉದುರಿಲ್ಲ.

"ಭೇಷ್! ಈ ಗಿಡ ಎಂಥಾ ಕಿಲಾಡಿ ಗೊತ್ತೇನಪ್ಪಾ? ಕ್ರಿಮೀನ ಕರೆದು ಗಂಟಲ್ಲಿ ಮನೆ ಕೊಡುತ್ತೆ, ಸಿಹಿ ಉಣಿಸುತ್ತೆ. ಆಮೇಲೆ ಪುಟಾಣಿ ಪ್ರೋಟೀನು ಬಿಡುತ್ತೆ, ಮಣಿಸರ ಮಡಚಿ ಅಲ್ಲಲ್ಲಿ ಕೊಂಡಿ ಹಾಕಿದ ಹಾಗಿರುತ್ತೆ ಅದು. ಅದನ್ನ ಗಂಟಿನ ಆಚೆ ಹಾಕಿದ್ರೆ ಕ್ರಿಮಿ ಸತ್ತೇ ಹೋಗುತ್ತೆ. ಗಂಟಲ್ಲಿ ಮಾತ್ರ ಸಾಯಿಸಲ್ಲ. ಉಬ್ಬಿಸಿ, ಸಂತಾನ ನಿಲ್ಲಿಸಿ, ಗಾಳಿಯಿಂದ ಗೊಬ್ಬರ ಮಾಡೋ ಕೆಲಸಕ್ಕೆ ಹಚ್ಚುತ್ತೆ."

"ಪಾಪ, ಆಚೆಗೇ ಬಿಡಲ್ವಾ ಮೇಡಂ?"

"ಎಲ್ಲಿಗೆ ಹೋಗುತ್ತೆ? ಊಟ, ಮನೆ ಎಲ್ಲಾ ಇಲ್ಲೇ ಇರುವಾಗ?" ಎನ್ನುತ್ತಾ ಅವರು ಆದೇಶಪತ್ರ ಚಾಚಿದರು.

ಕಲಂದರ್ ಓದಿದ. ಕೆಲಸ ಖಾಯಂ. ವಾಸ ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ. ಊಟ ಪುಕ್ಕಟೆ. ದಿನಕ್ಕೆ ನಲವತ್ತು ಬೇರು. ಐದು ವರ್ಷ ಮದುವೆ ಆಗುವಂತಿಲ್ಲ.

ಮೇಡಂ ನಲವತ್ತನೆಯ ಬೇರನ್ನು ಮೆಲ್ಲಗೆ ಐಸಿನ ಮೇಲೆ ಮಲಗಿಸಿ, ಡಬ್ಬಿಯ ಮುಚ್ಚಳ ಹಾಕಿದರು.