ಚಾದರದ ಮೇಲೆ ಬಿದ್ದ ಚೆಂಡು

ಚಾದರದ ಮೇಲೆ ಬಿದ್ದ ಚೆಂಡನ್ನು ಮ್ಯಾನೇಜರ್ ಕೇಳದೆ ಎತ್ತಿಕೊಂಡ. ಜಗಳ ಶುರುವಾದದ್ದು ಇಷ್ಟಕ್ಕೇ.

"ಸಾರ್, ಕೇಳಿ ತಗೋಬೇಕು," ಎಂದ ಲಿಫ್ಟಣ್ಣ. ಅವನಿಗೆ ಜಗಳವಾಡುವ ಉದ್ದೇಶ ಖಂಡಿತ ಇರಲಿಲ್ಲ. ಇದ್ದದ್ದು ಮಾತಾಡುವ ಉದ್ದೇಶ.

"ಯಾರನ್ನ ಕೇಳ್ಬೇಕು?"

"ಚಾದರ ಯಾರದೋ ಅವರನ್ನ. ಅಂದ್ರೆ ನನ್ನನ್ನೇ. 'ಚೆಂಡು ತಗೊಳ್ಳಲಾ?' ಅಂತ ನೀವು ಕೇಳ್ಬೇಕು. 'ತಗೊಳ್ಳಿ, ಅದಕ್ಕೇನಂತೆ' ಅಂತ ನಾನು ಅಂತೀನಿ. ಆಮೇಲೆ ನೀವು, 'ಇವತ್ತು ಗಾಳಿ ಜಾಸ್ತಿ ಅಲ್ವಾ' ಅಂತ..."

"ಅದೂ ನಿಯಮದಲ್ಲಿದೆಯಾ?"

"ಇಲ್ಲ. ಅದು ನಾನೇ ಸೇರಿಸ್ಕೊಂಡಿದ್ದು."

ಗಾಲ್ಫ್ ಮೈದಾನವನ್ನು ಹೊಸದಾಗಿ ಕೊಂಡ ಕಂಪನಿ ಕಳಿಸಿದ ಮ್ಯಾನೇಜರ್ ಅವನು. ಇಸ್ತ್ರಿ ಕೆಡದ ಪ್ಯಾಂಟು, ಇಸ್ತ್ರಿ ಕೆಡದ ಮುಖ. ಚೆಂಡನ್ನು ಜೇಬಿಗೆ ಹಾಕಿಕೊಂಡು, "ನಾಳೆಯಿಂದ ಇಲ್ಲಿ ಒಂದು ಕರ್ಚೀಫೂ ಕಾಣಬಾರದು. ಬೇಕಾದ್ರೆ ನಿಮ್ಮ ಬೀದಿಯವರನ್ನೆಲ್ಲ ಕರ್ಕೊಂಡು ಬನ್ನಿ, ನೋಡೋಣ," ಎಂದು ನಡೆದುಬಿಟ್ಟ.

ಕಡಲಿಗೂ ಬೀದಿಗೂ ನಡುವೆ ಇರುವ ಆ ಹಸಿರು ದಿಬ್ಬಗಳು ಈಗ ದೇಶದೇಶಗಳಲ್ಲಿ ಪ್ರಸಿದ್ಧ. ಅಲ್ಲಿ ಒಂದು ಆಟ ಆಡಲು ದೊಡ್ಡ ದೊಡ್ಡವರು ವರ್ಷಗಟ್ಟಲೆ ಕಾಯುತ್ತಾರೆ. ಮೊದಲು ಅದು ಕುರಿಗಳದಾಗಿತ್ತು, ಅಂದರೆ ಯಾರದೂ ಆಗಿರಲಿಲ್ಲ. ಆಮೇಲೆ ಕಡಲು ಸಾಕೆನಿಸಿದ ಹಡಗಿನ ಕಪ್ತಾನನೊಬ್ಬ ಅಲ್ಲಿ ಕೋಲು ಹಿಡಿದು ಚೆಂಡು ಹೊಡೆಯತೊಡಗಿದ. ಚೆಂಡು ಬಿದ್ದಲ್ಲೆಲ್ಲ 'ಇದು ನನ್ನ ಜಾಗ' ಎಂದ. ಅಲ್ಲಿ ಬಟ್ಟೆ ಒಣಹಾಕುತ್ತಿದ್ದ ಬೀದಿಯ ಹೆಂಗಸರು ಒದ್ದೆ ಬಟ್ಟೆ ಸಮೇತ ಹೋಗಿ ಅವನ ಬಾಗಿಲಲ್ಲಿ ಕೂತರು. ಕಪ್ತಾನ ಬಿರುಗಾಳಿ ಕಂಡಿದ್ದ, ಇಂಥದ್ದು ಕಂಡಿರಲಿಲ್ಲ. ಮೊದಲ ಗುಳಿಯ ಹಾದಿಯಲ್ಲಿ ಬೀದಿಯವರು ಬಟ್ಟೆ ಹಾಸಬಹುದು, ಬಟ್ಟೆ ಮೇಲೆ ಚೆಂಡು ಬಿದ್ದರೆ ಬಟ್ಟೆಯವರನ್ನು ಕೇಳಿಯೇ ಎತ್ತಬೇಕು ಎಂದು ಒಪ್ಪಿಕೊಂಡು ಪಾರಾದ.

ಅವನ ನಂತರ ಮೈದಾನ ಅಳಿಯಂದಿರ ಕೈಗೆ ಬಂತು, ಅಳಿಯಂದಿರ ಜಗಳದಲ್ಲಿ ವಕೀಲರ ಕೈಗೆ ಹೋಯಿತು, ವಕೀಲರಿಂದ ಒಬ್ಬ ಸೋಪಿನ ವ್ಯಾಪಾರಿ ಕೊಂಡ. ಜನ ಬಟ್ಟೆ ಒಗೆದಷ್ಟೂ ಅವನಿಗೆ ಸಂತೋಷವೇ. ಯುದ್ಧದ ಕಾಲದಲ್ಲಿ ಸೈನ್ಯದವರು ಬಂದು ಫಿರಂಗಿ ನಿಲ್ಲಿಸಿದರೆ, ಹೆಂಗಸರು ಫಿರಂಗಿಯ ಮೂತಿಗೆ ಕಾಲುಚೀಲ ನೇತುಹಾಕಿದರು. ಹೀಗೆ ಧಣಿಗಳು ಬದಲಾದರೂ ಬಟ್ಟೆ ಮಾತ್ರ ಜಾಗ ಬಿಡಲಿಲ್ಲ. ಈಗಿನ ಧಣಿ ಕಡಲನ್ನೇ ನೋಡಿರದ ಯಾವುದೋ ದೂರದ ಕಂಪನಿ.

ಅಷ್ಟರಲ್ಲಿ ಬೀದಿಯವರೆಲ್ಲ ತಮ್ಮ ತಮ್ಮ ಬಾಲ್ಕನಿಗೆ ಹಗ್ಗ ಕಟ್ಟಿಕೊಂಡಿದ್ದರು. ಬಕೆಟ್ಟು ಹಿಡಿದು ಕಡಲ ಕಡೆ ಹೋಗುವವನು ಲಿಫ್ಟಣ್ಣ ಒಬ್ಬನೇ.

ಒಂದು ದೊಡ್ಡ ಹೋಟೆಲಿನಲ್ಲಿ ಮುದುಕನಾಗುವವರೆಗೂ ಲಿಫ್ಟ್ ನಡೆಸಿದವನು ಅವನು. 'ಯಾವ ಮಹಡಿ?' ಎಂದು ದಿನವಿಡೀ ಕೇಳಿ, ದಿನವಿಡೀ ಉತ್ತರ ಪಡೆದವನು. ಕೆಲಸ ಮುಗಿಯಿತು, ಹಿಂದೆಯೇ ಹೆಂಡತಿ ತೀರಿಕೊಂಡಳು. ಮನೆಯಲ್ಲಿ ಸದ್ದು ಮಾಡುತ್ತಿದ್ದುದು ನಲ್ಲಿ ಒಂದೇ, ಅದನ್ನೂ ಯಾರೋ ರಿಪೇರಿ ಮಾಡಿ ಹೋದರು. ಹೀಗಿರುವಾಗ ಒಂದು ದಿನ ಮೈದಾನದಲ್ಲಿ ಅವನ ಚಾದರದ ಮೇಲೆ ಚೆಂಡು ಬಿತ್ತು. ಆಟಗಾರನೊಬ್ಬ ಟೋಪಿ ತೆಗೆದು, "ತಗೊಳ್ಳಲಾ?" ಎಂದ. ಆ ವಾರದಲ್ಲಿ ಲಿಫ್ಟಣ್ಣನನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು.

ಅಂದಿನಿಂದ ಅವನು ಚೆಂಡುಗಳ ಅಭ್ಯಾಸಗಳನ್ನು ಅಭ್ಯಾಸ ಮಾಡಿದ. ಬೆಳಗಿನ ಗಾಳಿಗೆ ಎಲ್ಲಿ ಬೀಳುತ್ತವೆ, ಹೊಸಬರು ಹೊಡೆದರೆ ಎತ್ತ ಸೊಟ್ಟಗೆ ಹೋಗುತ್ತವೆ ಎಂದು ತಿಳಿದುಕೊಂಡು ಸರಿಯಾಗಿ ಅಲ್ಲೇ ಚಾದರ ಹಾಸಿದ. ಸಿಂಗಲ್ ಚಾದರ ಸಾಲದೆಂದು ಹೆಂಡತಿಯ ಕಾಲದ ಡಬಲ್ ಮಂಚದ ಚಾದರ ತೆಗೆದ. ಕೊಳೆಯಾಗದಿದ್ದರೂ ದಿನಾ ಒಗೆದ. ಚಾದರ ಸವೆದು ಅಡಿಯ ಹುಲ್ಲು ಕಾಣುವಂತಾಗಿತ್ತು. ಆದರೆ ದಿನಕ್ಕೆ ಮೂರು ನಾಲ್ಕು ಮಾತು ಗಿಟ್ಟುತ್ತಿತ್ತು. ಮ್ಯಾನೇಜರ್ ಕಿತ್ತುಕೊಳ್ಳಲು ಹೊರಟದ್ದು ಅದನ್ನು.

ಒದ್ದೆ ಚಾದರ ಹೆಗಲಿಗೆ ಹಾಕಿಕೊಂಡು ಬೀದಿಗೆ ಬಂದರೆ ಬೇಕರಿಯಮ್ಮ ಬಾಗಿಲಲ್ಲೇ ನಿಂತಿದ್ದಳು. ಇನ್ನೊಬ್ಬರ ಕಷ್ಟ ಅವಳಿಗೆ ಬಿಸಿಯಿದ್ದಾಗಲೇ ಸಿಗಬೇಕು.

"ಯಾಕೆ ಲಿಫ್ಟಣ್ಣ, ಒಣಗಿಸೋಕೆ ಹೋದವರು ಒದ್ದೆಯಾಗಿ ಬಂದ್ರಿ?"

ಹೇಳಿದ. ಬೇಕರಿಯಮ್ಮ ಕೈ ಕೊಡವಿಕೊಂಡಳು. "ಹಾಗಂದ್ನಾ? ನಮ್ಮ ಅಜ್ಜಿ ಬಟ್ಟೆ ಹಾಸಿದ ಜಾಗ ಅದು! ಟೈಲರಣ್ಣ, ಬನ್ನಿ ಇಲ್ಲಿ, ನಮ್ಮ ಹಕ್ಕಿಗೆ ಕತ್ತರಿ ಬಿತ್ತು!"

ಟೈಲರ್ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದ. ನಿವೃತ್ತ ಮೇಷ್ಟ್ರು ಬಂದರು. ನಿವೃತ್ತಿಯಾದ ದಿನದಿಂದ ಗಂಟಲಲ್ಲಿ ಉಳಿದಿದ್ದ ಭಾಷಣವೊಂದಕ್ಕೆ ಈಗ ದಾರಿ ಸಿಕ್ಕಿತ್ತು.

"ಕಪ್ತಾನನ ಮಾತು ಏನು ಗೊತ್ತಾ?" ಎಂದರು ಮೇಷ್ಟ್ರು. "ಈ ಹಕ್ಕು ಹೋಗಬೇಕು ಅಂದ್ರೆ ಬೀದಿಯ ಪ್ರತಿ ಮನೆಯವರೂ ಬಟ್ಟೆ ಸಮೇತ ಮೈದಾನದಲ್ಲಿ ನಿಂತು, ಎಲ್ಲರೂ ಒಪ್ಪಬೇಕು. ಒಬ್ಬರು ಬೇಡ ಅಂದ್ರೂ ಹಕ್ಕು ಹಾಗೇ ಇರುತ್ತೆ. ಎಷ್ಟು ಧಣಿಗಳು ಬಂದು ಹೋದ್ರು, ಯಾರಿಗಾದ್ರೂ ಆಯ್ತಾ? ಈ ಬೀದಿ ಯಾವತ್ತಾದ್ರೂ ಒಂದು ಕಡೆ ಸೇರಿದೆಯಾ?"

ಸೇರಿರಲಿಲ್ಲ. ಲಿಫ್ಟಣ್ಣನ ಹೆಂಡತಿ ಹೋದಾಗಲೂ ಬೀದಿ ಕಿಟಕಿಯಿಂದಲೇ ದುಃಖಪಟ್ಟಿತ್ತು.

"ಈಗ ಸೇರೋಣ," ಎಂದಳು ಬೇಕರಿಯಮ್ಮ. "ಎಲ್ಲರೂ ಬಟ್ಟೆ ತಗೊಂಡು ಹೋಗಿ ಹಾಸೋಣ. ಅವನ ಕಣ್ಣು ತುಂಬಲಿ! ಲಿಫ್ಟಣ್ಣ, ಅನುಭವಸ್ಥರು ನೀವು, ಮುಂದೆ ನಡೀರಿ."

ಅದಕ್ಕೆ ಮೊದಲು ಸಭೆ ಎಂದಾಯಿತು, ಸಭೆ ಲಿಫ್ಟಣ್ಣನ ಮನೆಯಲ್ಲಿ ಎಂದಾಯಿತು. ಅವನು ಗಡಿಬಿಡಿಯಲ್ಲಿ ಚಹಾ ಕುದಿಸಿದ. ಮನೆಯಲ್ಲಿದ್ದದ್ದು ಎರಡು ಕಪ್ಪು. ಮೇಷ್ಟ್ರು ಒಂದರಲ್ಲಿ ಕುಡಿದರು, ಬೇಕರಿಯಮ್ಮ ಇನ್ನೊಂದರಲ್ಲಿ. ಟೈಲರ್ ಗಡ್ಡ ಹೆರೆಯುವ ಮಗ್ಗಿನಲ್ಲಿ ಕುಡಿದು, "ಏನೋ ಒಂಥರಾ ಘಮ ಇದೆ," ಎಂದು ಮೆಚ್ಚಿದ. ಉಳಿದವರು ಸೌಟು, ಮುಚ್ಚಳ ಸಿಕ್ಕಿದ್ದರಲ್ಲಿ ಸುಧಾರಿಸಿದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಲಿಫ್ಟಣ್ಣ ಅಡಿಗೆಮನೆ ಬಾಗಿಲಲ್ಲಿ ನಿಂತು ಸುಮ್ಮನೆ ನೋಡಿದ. ಅವನಿಗೆ ಅಳು ಬರುವಷ್ಟು ಖುಷಿಯಾಗಿತ್ತು.

ಮಧ್ಯಾಹ್ನಕ್ಕೆ ಬೀದಿಗೆ ಬೀದಿಯೇ ಮೈದಾನದಲ್ಲಿತ್ತು. ಒಗೆಯಲು ಕೊಳೆ ಬಟ್ಟೆ ಸಾಲದೆ ಮಡಿಸಿಟ್ಟ ಬಟ್ಟೆಗಳನ್ನೂ ನೀರಿಗೆ ಅದ್ದಿ ತಂದಿದ್ದರು. ಟೈಲರ್ ಗಿರಾಕಿಗಳ ಪ್ಯಾಂಟುಗಳನ್ನೇ ತಂದು ಹಾಸಿದ. ಗಿರಾಕಿಯೊಬ್ಬ ತನ್ನ ಪ್ಯಾಂಟು ಗುರುತಿಸಿ, "ಇನ್ನೂ ಬಟ್ಟೆ ಕತ್ತರಿಸಿಲ್ಲ ಅಂದಿದ್ರಲ್ರೀ?" ಎಂದು ಕೂಗಾಡಿದ. ಮೇಷ್ಟ್ರ ಬನಿಯನ್ನನ್ನು ಗಾಳಿ ಹಾರಿಸಿಕೊಂಡು ಹೋಗಿ ಗುಳಿಯ ಬಾವುಟದ ಕೋಲಿಗೆ ಏರಿಸಿತು. ದೂರದಿಂದ ಬಂದಿದ್ದ ಆಟಗಾರರು ಅದಕ್ಕೇ ಗುರಿಯಿಟ್ಟು ಹೊಡೆದರು.

ಒಂದು ಚೆಂಡು ದಿಂಬಿನ ಚೀಲದೊಳಗೇ ನುಗ್ಗಿತು. ಇನ್ನೊಂದು ಬೇಕರಿಯಮ್ಮನ ಮೇಜುಬಟ್ಟೆ ಮೇಲೆ ಕೂತಿತು.

"ತಗೊಳ್ಳಲಾ ಅಮ್ಮ?" ಎಂದ ಆಟಗಾರ.

"ಬೇಡ," ಎಂದಳು ಬೇಕರಿಯಮ್ಮ.

ಕಪ್ತಾನನ ಕಾಲದಿಂದ ಯಾರೂ 'ಬೇಡ' ಎಂದಿರಲಿಲ್ಲ. ಆ ಆಟಗಾರ ನಿಂತ, ಅವನ ಹಿಂದಿನವರು ನಿಂತರು. ರೇಷನ್ ಅಂಗಡಿಯ ಮುಂದಿನಂತೆ ದೊಡ್ಡ ದೊಡ್ಡವರೆಲ್ಲ ಕೋಲು ಹಿಡಿದು ಸಾಲಾಗಿ ನಿಂತುಬಿಟ್ಟರು.

ಲಿಫ್ಟಣ್ಣನೂ ತನ್ನ ಚಾದರ ಹಾಸಿ ಪಕ್ಕದಲ್ಲಿ ಕೂತಿದ್ದ. ಸುತ್ತ ಬಟ್ಟೆಯೋ ಬಟ್ಟೆ. ಅವನ ಚಾದರದ ಮೇಲೆ ಆ ಮಧ್ಯಾಹ್ನ ಒಂದು ಚೆಂಡೂ ಬೀಳಲಿಲ್ಲ. ಪರವಾಗಿಲ್ಲ, ಎಂದುಕೊಂಡ. ಇಷ್ಟು ಜನ ಇದ್ದಾರಲ್ಲ.

ಆಗ ಮ್ಯಾನೇಜರ್ ಬಂದ. ಬೈಯುತ್ತಾನೆಂದು ಎಲ್ಲರೂ ಸೊಂಟಕ್ಕೆ ಕೈಯಿಟ್ಟು ತಯಾರಾದರೆ, ಅವನು ಕೈಮುಗಿದ.

"ತಪ್ಪಾಯ್ತು. ಹಕ್ಕು ನಿಮ್ಮದೇ, ಕಂಪನಿ ಒಪ್ಪುತ್ತೆ."

ಮೈದಾನವೆಲ್ಲ ಜೈಕಾರ. ಬೇಕರಿಯಮ್ಮ ಲಿಫ್ಟಣ್ಣನ ತೋಳು ಹಿಡಿದು, "ನಮ್ಮ ಲಿಫ್ಟಣ್ಣ!" ಎಂದು ಕುಣಿದಳು.

"ಆದ್ರೆ ಒಂದು ಮಾತು," ಎಂದ ಮ್ಯಾನೇಜರ್. "ಪಾಪ, ಯಾಕೆ ಈ ಗಾಳೀಲಿ ಕಷ್ಟಪಡ್ತೀರಿ? ಹಕ್ಕು ಬಿಟ್ಟುಕೊಟ್ರೆ ಮನೆಗೊಂದು ಮಷೀನು. ಅದೇ ಒಗೆಯುತ್ತೆ, ಅದೇ ಒಣಗಿಸುತ್ತೆ."

ಜೈಕಾರ ನಿಂತಿತು.

"ಎಷ್ಟು ಬಟ್ಟೆ ಹಿಡಿಯುತ್ತೆ?" ಎಂದ ಟೈಲರ್.

"ಗ್ಯಾರಂಟಿ ಇದೆಯಾ?" ಎಂದರು ಮೇಷ್ಟ್ರು. ಕಪ್ತಾನನ ವಿಷಯ ಅವರು ಮತ್ತೆ ಎತ್ತಲಿಲ್ಲ.

ಒಬ್ಬೊಬ್ಬರಾಗಿ ಎಲ್ಲರೂ ಒಪ್ಪಿದರು. ಕೊನೆಗೆ ಉಳಿದವನು ಲಿಫ್ಟಣ್ಣ. ಬೇಡ ಎಂಬ ಒಂದು ಮಾತು ಅವನ ನಾಲಗೆಯ ತುದಿಯಲ್ಲೇ ಇತ್ತು. ಬೀದಿಯೇ ಅವನ ಮುಖ ನೋಡುತ್ತಿತ್ತು. ಬೇಕರಿಯಮ್ಮ ಇನ್ನೂ ತೋಳು ಬಿಟ್ಟಿರಲಿಲ್ಲ. "ಏನಂತೀರಿ ಲಿಫ್ಟಣ್ಣ?" ಎಂದಳು. ಬೇಡ ಎಂದರೆ ಆ ಕೈ ಬಿಡುತ್ತದೆ, ನಾಳೆ ಯಾರೂ ಚಹಾಕ್ಕೆ ಬರುವುದಿಲ್ಲ. ದಿನಕ್ಕೆ ನಾಲ್ಕು ಮಾತು ಇತ್ತ, ಇಡೀ ಬೀದಿ ಅತ್ತ. ಲೆಕ್ಕ ಸುಲಭವಾಗಿಯೇ ಕಂಡಿತು.

"ಆಗಲಿ," ಎಂದ ಲಿಫ್ಟಣ್ಣ.

ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಕ್ಲಬ್ಬಿನ ಹಿಂದಿನಿಂದ ಲಾರಿಗಳು ಹೊರಟವು, ಮಷೀನು ತುಂಬಿಕೊಂಡು. ಜನ ತಮ್ಮ ತಮ್ಮ ಬಟ್ಟೆ ಬಾಚಿಕೊಂಡು ಲಾರಿಯ ಹಿಂದೆ ಓಡಿದರು. ತೋಳು ಹಿಡಿದಿದ್ದ ಕೈ ಯಾವಾಗ ಹೋಯಿತೋ ಲಿಫ್ಟಣ್ಣನಿಗೆ ತಿಳಿಯಲಿಲ್ಲ.

"ಲಾರಿ ಇಷ್ಟು ಬೇಗ ಹೇಗೆ ಬಂತು ಸಾರ್?"

"ಹೋದ ವಾರವೇ ಬಂದು ನಿಂತಿವೆ," ಎಂದು ಮ್ಯಾನೇಜರ್ ನಕ್ಕ. ಮೊದಲ ಸಲ ಅವನ ಮುಖದ ಇಸ್ತ್ರಿ ಕೆಟ್ಟಿತು. "ನಿಮ್ಮ ಬೀದಿಯವರನ್ನ ಇಲ್ಲಿ ಸೇರಿಸೋಕೆ ಊಟ ಹಾಕ್ತೀವಿ ಅಂದೆ, ಸಂಗೀತ ಇಡ್ತೀವಿ ಅಂದೆ, ಯಾರೂ ಬರ್ಲಿಲ್ಲ. ಕೊನೆಗೆ ನಿಮ್ಮ ಚಾದರಕ್ಕೇ ಗುರಿಯಿಟ್ಟು ಹೊಡೆದೆ. ತುಂಬಾ ಉಪಕಾರ ಆಯ್ತು."

ಸಂಜೆ ಲಿಫ್ಟಣ್ಣನ ಮನೆಗೂ ಮಷೀನು ಬಂತು. ಜೋಡಿಸುವವನು ಒಂದೂ ಮಾತಾಡದೆ ಜೋಡಿಸಿ ಹೋದ. ಲಿಫ್ಟಣ್ಣ ಅಂಗಡಿಗೆ ಹೋಗಿ ಹೊಸ ಕಪ್ಪುಗಳನ್ನು ತಂದು ಸಾಲಾಗಿ ಜೋಡಿಸಿ, ಚಹಾಕ್ಕೆ ನೀರಿಟ್ಟು ಕಾದ. ನೀರು ಕುದಿದು ಇಂಗಿತು, ಯಾರೂ ಬರಲಿಲ್ಲ. ಹೋಗಲಿ, ಮಷೀನು ನಡೆಸುವುದು ಹೇಗೆಂದು ಕೇಳುವ ನೆಪವಾದರೂ ಇದೆಯಲ್ಲ ಎಂದು ಬೇಕರಿಯಮ್ಮನ ಬಾಗಿಲು ತಟ್ಟಿದ.

"ಯಾರದು?" ಎಂದಳು ಒಳಗಿನಿಂದ.

"ನಾನಮ್ಮ, ಲಿಫ್ಟಣ್ಣ!"

"ಏನೂ ಕೇಳಿಸ್ತಿಲ್ಲ! ಮಷೀನು ಓಡ್ತಾ ಇದೆ! ನಾಳೆ ಬನ್ನಿ!"

ಟೈಲರನ ಬಾಗಿಲು ತಟ್ಟಿದ, ಮೇಷ್ಟ್ರ ಬಾಗಿಲು ತಟ್ಟಿದ. ಬೀದಿಯ ಉದ್ದಕ್ಕೂ ಎಲ್ಲ ಮನೆಗಳೂ ಒಳಗಿನಿಂದ ಗುಂಯ್‌ಗುಟ್ಟುತ್ತಿದ್ದವು.

ಅವನು ಮನೆಗೆ ಬಂದು ತೋಚಿದ ಗುಂಡಿಯೊಂದನ್ನು ಒತ್ತಿ ತನ್ನ ಮಷೀನನ್ನೂ ಚಾಲೂ ಮಾಡಿದ, ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂತ. ಒಂದು ವೇಳೆ ಯಾರಾದರೂ ಬಂದು ಬಾಗಿಲು ತಟ್ಟಿದರೆ ಕೇಳಿಸದೆ ಹೋದೀತೆಂದು ತಕ್ಷಣ ಎದ್ದು ಆರಿಸಿದ.