ಆರುನೂರು ಮೀಟರು, ಒಂದು ಉಂಡೆ ಹುಣಸೆಹಣ್ಣು

ಮೊದಲೇ ಹೇಳಿಬಿಡುತ್ತೇನೆ: ಅಳತೆಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಸ್ವೀಡನ್ನಿನ ಎಸ್ಕಿಲ್‌ಸ್ಟುನಾ ಊರಿನ ಒಂದು ಕಾರ್ಖಾನೆಯಲ್ಲಿ ಭಾರೀ ಯಂತ್ರಗಳ ಬಿಡಿಭಾಗಗಳನ್ನು ಅಳೆಯುವುದೇ ನನ್ನ ಹೊಟ್ಟೆಪಾಡು. ಕೂದಲೆಳೆಯನ್ನು ಐವತ್ತು ಸೀಳು ಮಾಡಿ, ಅದರಲ್ಲಿ ಒಂದು ಸೀಳಿನಷ್ಟು ಹೆಚ್ಚುಕಡಿಮೆಯಾದರೂ ಆ ಬಿಡಿಭಾಗವನ್ನು ವಾಪಸ್ಸು ಕಳಿಸುವ ಅಧಿಕಾರ ನನಗುಂಟು. ಮನೆಯಲ್ಲಿ ಈ ಅಧಿಕಾರ ನಡೆಯುವುದಿಲ್ಲ. ನನ್ನ ಗಂಡ ರಘು ಅನ್ನಕ್ಕೆ ನೀರನ್ನು ಬೆರಳಿನ ಗೆಣ್ಣಿನಲ್ಲಿ ಅಳೆಯುತ್ತಾನೆ. ಯಾವ ಬೆರಳು, ಎಷ್ಟನೇ ಗೆಣ್ಣು ಎಂದು ಕೇಳಿದರೆ ನಗುತ್ತಾನೆ. ಅನ್ನವೇನೋ ಚೆನ್ನಾಗಿಯೇ ಆಗುತ್ತದೆ. ಅದು ಬೇರೆ ವಿಷಯ.

ಇಂಥ ನನಗೆ ನಾಲ್ಕು ವರ್ಷಗಳ ಹಿಂದೆ ಊರಾಚೆಯ ಶೂಟಿಂಗ್ ಕ್ಲಬ್ಬಿನ ಹುಚ್ಚು ಹಿಡಿಯಿತು. ತರಬೇತಿ, ಪರೀಕ್ಷೆ, ಲೈಸೆನ್ಸು, ಬೀಗದ ಕಬ್ಬಿಣದ ಪೆಟ್ಟಿಗೆ ಎಲ್ಲ ಆಗಿ, ಕೊನೆಗೆ ದೂರದ ಗುರಿಗೆಂದೇ ಮಾಡಿದ ಒಂದು ರೈಫಲ್ಲೂ ಮನೆಗೆ ಬಂತು. ಆದರೆ ನಾಲ್ಕು ವರ್ಷವಾದರೂ ಕ್ಲಬ್ಬಿನಲ್ಲಿ ನನ್ನ ಗುರುತು ಒಂದೇ. ಭಾನುವಾರದ ಫೀಕಾಗೆ, ಎಂದರೆ ಎಲ್ಲರೂ ಕೂತು ಕಾಫಿ ಕುಡಿಯುವ ಆ ಅರ್ಧ ಗಂಟೆಗೆ, ಆಲೂಗಡ್ಡೆ ಬೋಂಡ ತರುವವಳು. ಹೊಸಬರಿಗೆ ನನ್ನನ್ನು ಪರಿಚಯಿಸುವಾಗ ಹೆಸರಿಗಿಂತ ಮೊದಲು ಬೋಂಡ ಬರುತ್ತಿತ್ತು. ಸ್ಕೂಲಿನಲ್ಲೂ ಹೀಗೆಯೇ. ಥ್ರೋಬಾಲ್ ಟೀಮಿನಲ್ಲಿ ನನ್ನ ಪಾತ್ರ ಎಲ್ಲರ ನೀರಿನ ಬಾಟಲಿ ಕಾಯುವುದು. ನಲವತ್ತಮೂರು ವರ್ಷದ ಬದುಕಿನಲ್ಲಿ ಒಂದೇ ಒಂದು ಸಲವಾದರೂ ಯಾವುದಾದರೂ ಟೀಮಿನ ಪಟ್ಟಿಯಲ್ಲಿ ನನ್ನ ಹೆಸರು ಇರಬೇಕು ಎಂಬ ಆಸೆ ನನಗಿತ್ತು. ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ.

ಅವಕಾಶ ಬಂತು. ಜಿಲ್ಲಾ ಪಂದ್ಯಕ್ಕೆ ಕ್ಲಬ್ಬಿನಿಂದ ಮೂವರು ಹೋಗಬೇಕು. ಇಬ್ಬರು ಖಾಯಂ. ಮೂರನೇ ಜಾಗಕ್ಕೆ ನಾನು ಮತ್ತು ಹಲ್ಲಿನ ಡಾಕ್ಟರು ಮಾಗ್ನುಸ್. ಕ್ಲಬ್ಬಿನ ಹಿರಿಯರಾದ ಬೋರ್ಯೆ ನಲವತ್ತು ವರ್ಷದಿಂದ ಗುರಿ ಹೊಡೆಯುತ್ತಿರುವವರು, ಮಾತು ಕಡಿಮೆ. ಅವರು ಕಾಫಿ ಲೋಟ ಕೆಳಗಿಟ್ಟು ತೀರ್ಪು ಕೊಟ್ಟರು: "ಇವತ್ತಿಗೆ ಎರಡು ವಾರ. ಭಾನುವಾರ. ಆರುನೂರು ಮೀಟರು, ತಲಾ ಹತ್ತು ಗುಂಡು."

ಅಂಗಡಿಯಲ್ಲಿ ಕೊಂಡ ತೋಟಾಗಳಿಂದ ಹೊಡೆದರೆ ನನ್ನ ಗುಂಡುಗಳು ಆ ದೂರದಲ್ಲಿ ದೋಸೆ ಕಾವಲಿಯಷ್ಟು ಅಗಲಕ್ಕೆ ಹರಡಿಕೊಳ್ಳುತ್ತಿದ್ದವು. "ಅದು ಲಾಗೊಮ್" ಎಂದರು ಬೋರ್ಯೆ. ಲಾಗೊಮ್ ಎಂದರೆ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಸಾಕು ಎಂದರ್ಥ. ಇಡೀ ಸ್ವೀಡನ್ನು ಈ ಒಂದು ಪದದ ಮೇಲೆ ಕಾಲು ಚಾಚಿ ಮಲಗಿದೆ. ನನಗೆ ಆ ಪದ ಕೇಳಿದರೆ ಮೈ ಉರಿಯುತ್ತದೆ. ಸಾಕು ಎನ್ನುವವಳಾಗಿದ್ದರೆ ನಾನು ಬೋಂಡ ಕರಿದುಕೊಂಡೇ ಇರಬಹುದಿತ್ತಲ್ಲ? ತೋಟಾಗಳನ್ನು ನಾನೇ ಕೈಯಾರೆ ತುಂಬುತ್ತೇನೆ ಎಂದು ಘೋಷಿಸಿದೆ.

"ಸರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು" ಎಂದರು ಬೋರ್ಯೆ. "ಒಂದು ಬದಲಾಯಿಸು, ಹೊಡೆದು ನೋಡು, ಬರೆದಿಡು. ಆಮೇಲೆ ಇನ್ನೊಂದು."

ಅವರ ಹತ್ತಿರ ನಲವತ್ತು ವರ್ಷವಿತ್ತು. ನನ್ನ ಹತ್ತಿರ ಹದಿನಾಲ್ಕು ದಿನ. ಗುಂಡು ಬದಲಾಯಿಸಿದೆ, ಮದ್ದು ಬದಲಾಯಿಸಿದೆ, ಗುಂಡು ಕೂರುವ ಆಳ ಬದಲಾಯಿಸಿದೆ. ಎಲ್ಲ ಒಂದೇ ಶನಿವಾರ.

ಮದ್ದಿನ ಪ್ರಮಾಣದಲ್ಲಿ ಮಾತ್ರ ಕೈಪಿಡಿಯ ಮಿತಿಯೊಳಗೇ ಇದ್ದೆ. ಬದಲಾಯಿಸುವುದಕ್ಕೆ ಇನ್ನು ಉಳಿದಿದ್ದು ಹಳೆಯ ಹಿತ್ತಾಳೆ ಕೇಸುಗಳನ್ನು ತೊಳೆಯುವ ವಿಧಾನ ಒಂದೇ. ಹೊಡೆದ ಮೇಲೆ ಈ ಖಾಲಿ ಕೇಸುಗಳು ಮಸಿ ಹಿಡಿದು ಕಪ್ಪಾಗಿರುತ್ತವೆ. ಅವನ್ನು ಬೆಳಗಿ, ತಳಕ್ಕೆ ಕಿಡಿ ಹಾರಿಸುವ ಹೊಸ ಕ್ಯಾಪು ಒತ್ತಿ, ಮದ್ದು ತುಂಬಿ, ಗುಂಡು ಕೂರಿಸಬೇಕು. ಬೋರ್ಯೆ ಅವನ್ನು ಒಂದು ತಿರುಗುವ ಡಬ್ಬಿಯಲ್ಲಿ ಹಾಕಿ ಗಂಟೆಗಟ್ಟಲೆ ಗರಗರ ಅನ್ನಿಸುತ್ತಾರೆ. ಹಿತ್ತಾಳೆಗೆ ಮೆಷಿನ್ನಾ? ದೀಪದ ಕಂಬ, ಕೊಳಗ, ಚೆಂಬು ಬೆಳಗಿ ಬೆಳೆದವಳು ನಾನು. ನಮ್ಮ ಹುಣಸೆಹಣ್ಣಿನ ಮುಂದೆ ಇವರ ಡಬ್ಬಿ ಯಾವ ಲೆಕ್ಕ?

ಆಗ ನಮ್ಮತ್ತೆ ತುಮಕೂರಿನಿಂದ ಮೂರು ತಿಂಗಳಿಗೆಂದು ಬಂದಿದ್ದರು, ಜೊತೆಗೆ ಎರಡು ಕೇಜಿ ಹುಣಸೆಹಣ್ಣು. ನನ್ನ ಯೋಜನೆ ಕೇಳಿ ಅವರಿಗೂ ಹುರುಪು ಬಂತು. ಒಂದು ನಿಂಬೆಗಾತ್ರ ನೆನೆಸಿ, ಕಿವುಚಿ, ಟೀ ಜಾಲರಿಯಲ್ಲಿ ಸೋಸಿ, ಹನ್ನೆರಡು ಕೇಸುಗಳನ್ನು ತೊಳೆದು ತೋರಿಸಿದರು. ಚಿನ್ನದ ಹಾಗೆ ಹೊಳೆದವು.

"ಶೈಲಾ, ಸೋಸ್ದೆ ಹಾಕ್ಬೇಡಮ್ಮ. ಬಾಯಿ ಸಣ್ಣ ಇದೆ, ಒಳಗೆ ನಾರು ಕೂತ್ಕೊಂಡ್ರೆ ಬರಲ್ಲ" ಎಂದರು.

"ಅತ್ತೆ, ನಾನು ಮೈಕ್ರಾನ್ ಅಳೆಯೋಳು" ಎಂದೆ.

ಅವರು ಟೀ ಜಾಲರಿ ತೊಳೆದು ಮೊಳೆಗೆ ನೇತುಹಾಕಿದರು. ನಾನು ಒಂದು ದೊಡ್ಡ ಉಂಡೆಯನ್ನು ಪಾತ್ರೆಗೆ ಹಾಕಿ, ಮಿಕ್ಕ ಎಂಬತ್ತೆಂಟು ಕೇಸುಗಳನ್ನೂ ಅದರೊಳಗೆ ಮುಳುಗಿಸಿ, ಚೆನ್ನಾಗಿ ಕಲಸಿ, ಒಂದು ರಾತ್ರಿ ನೆನೆಯಲು ಬಿಟ್ಟೆ. ಬೆಳಿಗ್ಗೆ ತೊಳೆದು ಒಣಗಿಸಿದೆ. ಹೊರಗಿನಿಂದ ನೋಡಿದರೆ ನೂರೂ ಫಳಫಳ. ಎಲ್ಲ ಒಂದೇ ಡಬ್ಬಿಗೆ ಸುರಿದೆ.

ಆಮೇಲೆ ನನ್ನ ನಿಜವಾದ ವಿದ್ಯೆ ಶುರುವಾಯಿತು. ಪ್ರತಿಯೊಂದರ ಉದ್ದ ಅಳೆದೆ, ಕುತ್ತಿಗೆಯ ದಪ್ಪ ಅಳೆದೆ, ತೂಕ ಮಾಡಿದೆ. ಒಂದೇ ತೂಕದ ಕೇಸುಗಳು ಒಂದೇ ಜಾಗಕ್ಕೆ ಹೊಡೆಯುತ್ತವೆ ಎಂಬುದು ಬಲ್ಲವರ ಮಾತು. ಹೆಚ್ಚಿನವು ಹತ್ತಿರಹತ್ತಿರದ ತೂಕಕ್ಕೆ ಬಂದವು. ಹನ್ನೆರಡು ಮಾತ್ರ ಮಿಕ್ಕವಕ್ಕಿಂತ ಚೂರು ಹಗುರ. ಕಳಪೆ ಮಾಲು! ಆ ಹನ್ನೆರಡನ್ನೂ ಎತ್ತಿ ಒಂದು ಹಳೆಯ ಉಪ್ಪಿನಕಾಯಿ ಬಾಟಲಿಗೆ ಹಾಕಿ, ಮೇಲೆ "ರಿಜೆಕ್ಟ್" ಎಂದು ಚೀಟಿ ಅಂಟಿಸಿದೆ. ಉಳಿದವುಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಹತ್ತನ್ನು ಆರಿಸಿ ಪರೀಕ್ಷೆಗೆಂದು ಮೀಸಲಿಟ್ಟೆ.

ಮದ್ದು ತೂಗುವ ದಿನ ಮನೆಯಲ್ಲಿ ತುರ್ತು ಪರಿಸ್ಥಿತಿ. ನನ್ನ ತಕ್ಕಡಿ ಎಷ್ಟು ಸೂಕ್ಷ್ಮವೆಂದರೆ ಅಡುಗೆಮನೆಯ ಫ್ಯಾನು ಹಾಕಿದರೆ ಪಕ್ಕದ ಕೋಣೆಯಲ್ಲಿ ಅದರ ಅಂಕಿ ಅಲುಗುತ್ತದೆ. ಒಲೆ ಬಂದ್, ಫ್ಯಾನು ಬಂದ್, ಬಾಗಿಲು ಬಂದ್.

"ಒಗ್ಗರಣೆ ಹಾಕ್ಬೋದಾ ಮೇಡಂ?" ಬಾಗಿಲಾಚೆಯಿಂದ ರಘುವಿನ ದನಿ.

"ಇಲ್ಲ."

"ಸೀನ್ಬೋದಾ?"

"ಆಚೆ ಹೋಗಿ ಸೀನು."

ಅಷ್ಟರಲ್ಲಿ ಗೆಳತಿ ಫೋನು ಮಾಡಿದಳು. "ಈಗ ಆಗಲ್ಲ ಕಣೆ, ಮದ್ದು ಹಾಕ್ತಾ ಇದೀನಿ. ಒಂದು ಚೂರು ಹೆಚ್ಚುಕಡಿಮೆ ಆದ್ರೂ ಕಷ್ಟ. ರಘುಗೆ ಇದೆಲ್ಲ ಗೊತ್ತಾಗಲ್ಲ" ಎಂದು ಇಟ್ಟುಬಿಟ್ಟೆ.

ಬಾಗಿಲಾಚೆ ಕಿಟಕಿಯ ಪಕ್ಕ ಹೂಬತ್ತಿ ಹೊಸೆಯುತ್ತಿದ್ದ ಅತ್ತೆ ಇದನ್ನು ಪೂರ್ತಿ ಕೇಳಿಸಿಕೊಂಡಿದ್ದರು. ಊಟಕ್ಕೆ ಕೂತಾಗ ಮಗನ ತಟ್ಟೆಯನ್ನು ನನ್ನ ಕಡೆಗೆ ಸರಿಸಿ, "ನೀನು ಮೊದ್ಲು ಈ ತಟ್ಟೇಲಿ ಒಂದು ತುತ್ತು ತಿನ್ನಮ್ಮ" ಎಂದರು. ಯಾಕೆ ಎಂದರೆ ತಟ್ಟೆಯನ್ನು ಇನ್ನಷ್ಟು ಸರಿಸಿದರು. ಕಣ್ಣಲ್ಲಿ ನೀರು. ಕೊನೆಗೆ ರಘುವಿಗೆ ಹೊಳೆಯಿತು. "ಅಯ್ಯೋ ಅಮ್ಮ, ಅದು ಬಂದೂಕಿನ ಮದ್ದು. ನನಗೆ ಹಾಕೋ ಮದ್ದಲ್ಲ."

"ಹಾಗಂತ ಬಿಡಿಸಿ ಹೇಳ್ಬಾರ್ದಾ? ಹೆಂಡ್ತಿ ಗಂಡಂಗೆ ಮದ್ದು ಹಾಕ್ತಾಳೆ ಅಂದ್ರೆ ಯಾವ ತಾಯಿಗೆ ಊಟ ಸೇರತ್ತೆ?" ಎಂದು ಕಣ್ಣೊರೆಸಿಕೊಂಡು, ಅತ್ತೆ ಎರಡು ಸಲ ಅನ್ನ ಹಾಕಿಸಿಕೊಂಡರು.

ಆ ಭಾನುವಾರ ಬಂತು. ಬೇಕೆಂದೇ ಬೋಂಡ ಮಾಡಲಿಲ್ಲ. ಎಲ್ಲರ ಕಣ್ಣೂ ನನ್ನ ಖಾಲಿ ಕೈಗಳ ಮೇಲೆ. ಇರಲಿ. ಇವತ್ತು ನಾನು ಶೂಟರ್.

ಮಾಗ್ನುಸ್ ಮೊದಲು ಹೊಡೆದ. ಅಂಗಡಿಯ ತೋಟಾ, ಹತ್ತು ಗುಂಡು, ಎಂಬತ್ತೆರಡು ಅಂಕ. ಲಾಗೊಮ್. ಒಳಗೊಳಗೇ ನಕ್ಕು ನಾನು ಚಾಪೆಯ ಮೇಲೆ ಮಲಗಿದೆ. ಗಾಳಿ ನೋಡಿದೆ, ಉಸಿರು ಹಿಡಿದೆ, ಬಂದೂಕಿನ ಕುದುರೆ ಒತ್ತಿದೆ. ಢಂ! ಗುರಿಯನ್ನು ತೋರಿಸುವ ಪಕ್ಕದ ಪರದೆಯ ಮೇಲೆ ಹತ್ತು ಅಂಕ ಮೂಡಿತು. ನಟ್ಟ ನಡುವೆ.

ಎರಡನೆಯದು. ಟಿಕ್.

ಗುಂಡು ಹಾರದಿದ್ದರೆ ಒಂದು ನಿಯಮವಿದೆ. ಮದ್ದು ತಡವಾಗಿ ಹತ್ತಿಕೊಳ್ಳಬಹುದಾದ್ದರಿಂದ ಬಂದೂಕಿನ ಬಾಯನ್ನು ಗುರಿಯತ್ತಲೇ ಇಟ್ಟು ಒಂದು ನಿಮಿಷ ಅಲುಗದೆ ಕಾಯಬೇಕು. ಕಾದೆ. ಏನೂ ಆಗಲಿಲ್ಲ. ಬೋರ್ಯೆ ಬಂದು ತೋಟಾ ತೆಗೆಸಿ, ನಳಿಗೆಯೊಳಗೆ ಏನೂ ಸಿಕ್ಕಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ, ಹಿಂದೆ ಸರಿದರು. ಮೂರನೆಯದು ಢಂ, ಮತ್ತೆ ಹತ್ತು. ನಾಲ್ಕನೆಯದು ಟಿಕ್. ಐದನೆಯದು ಟಿಕ್.

"ನಿಲ್ಲಿಸೋಣವಾ?" ಎಂದರು ಬೋರ್ಯೆ.

"ಇಲ್ಲ. ಕ್ಯಾಪುಗಳು ಸರಿಯಿಲ್ಲ" ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಗಾದೆ ನನಗೂ ಗೊತ್ತು. ಆದರೆ ಅವತ್ತು ನೆಲ ನಿಜವಾಗಿಯೂ ಡೊಂಕು ಎಂದೇ ನನ್ನ ನಂಬಿಕೆ.

ಹತ್ತರಲ್ಲಿ ಆರು ಟಿಕ್. ಆರು ನಿಮಿಷ. ಸ್ವೀಡನ್ನಿನವರಿಗೆ ಮೌನ ಹೊಸದಲ್ಲ. ಬಸ್ ಸ್ಟಾಪಿನಲ್ಲಿ ಇಪ್ಪತ್ತು ನಿಮಿಷ ಪಕ್ಕದವರ ಮುಖ ನೋಡದೆ ನಿಲ್ಲಬಲ್ಲ ಜನ. ಅವರೂ ಅವತ್ತು ಒಂದೇ ಸಮನೆ ಕೆಮ್ಮಿದರು. ಹಾರದ ಗುಂಡಿಗೆ ಸೊನ್ನೆ. ನನ್ನದು ಒಟ್ಟು ನಲವತ್ತು.

"ಆ ನಾಲ್ಕು ನೋಡಿ" ಎಂದು ಪರದೆ ತೋರಿಸಿದೆ. "ನಾಲ್ಕೂ ಒಂದು ಅಂಗೈಯಲ್ಲಿ ಮುಚ್ಚಿಹೋಗುತ್ತೆ. ಮಾಗ್ನುಸ್‌ನದು ಮುಚ್ಚೋಕೆ ಮೊರ ಬೇಕು."

ಯಾರೂ ಅಲ್ಲಗಳೆಯಲಿಲ್ಲ. ಪಟ್ಟಿಯಲ್ಲಿ ಮಾತ್ರ ಮಾಗ್ನುಸ್‌ನ ಹೆಸರು ಬರೆದರು.

ಬೋರ್ಯೆ ಹಾರದ ತೋಟಾಗಳಲ್ಲಿ ಒಂದನ್ನು ಕ್ಲಬ್ಬಿನ ಕೆಲಸದ ಮೇಜಿಗೆ ಒಯ್ದು ಬಿಚ್ಚಿದರು. ಗುಂಡು ಬಂತು, ನಾನು ಉಸಿರು ಬಿಗಿಹಿಡಿದು ತೂಗಿದ ಮದ್ದು ಹಾಗೇ ಬಂತು. ಕೇಸಿನ ತಳದಲ್ಲಿ ಒಂದು ಸಣ್ಣ ತೂತಿರುತ್ತದೆ. ಕ್ಯಾಪಿನ ಕಿಡಿ ಅದರ ಮೂಲಕವೇ ಮದ್ದಿಗೆ ತಲುಪಬೇಕು. ಬೋರ್ಯೆ ಆ ತೂತಿಗೆ ಸೂಜಿ ಹಾಕಿ ಮೀಟಿದರು. ಗಟ್ಟಿಯಾಗಿ ಒಣಗಿ ಕೂತಿದ್ದ ಕಂದು ಬಣ್ಣದ ಬಿರಡೆಯೊಂದು ಹೊರಬಂತು. ಅದರಿಂದ ಒಂದು ನಾರು ನೇತಾಡುತ್ತಿತ್ತು. ಅವರು ಅದನ್ನು ಮೂಸಿ ನೋಡಿದರು.

"ಇದು ತಿನ್ನೋ ವಸ್ತುವಾ?"

ಹೌದು ಎನ್ನದೆ ಬೇರೆ ದಾರಿಯಿರಲಿಲ್ಲ.

"ಏನೇನು ಬದಲಾಯಿಸಿದ್ದೆ?"

"ಎಲ್ಲಾ" ಎಂದೆ.

ಅವರು ತಲೆದೂಗಿ ಕಾಫಿ ಬಗ್ಗಿಸಿಕೊಂಡರು. ಬೈದಿದ್ದರೆ ಬೈದರು ಎಂದು ತಿರುಗಿ ಬೀಳಬಹುದಿತ್ತು. ಅದಕ್ಕೂ ದಾರಿಯಿಲ್ಲ. ನನಗೆ ಅಳು ಬರುವಂತಾಯಿತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಅಲ್ಲಿ ಒಪ್ಪಿಕೊಳ್ಳಲಿಲ್ಲ.

ಮನೆಗೆ ಬಂದು ನೇರ ಉಪ್ಪಿನಕಾಯಿ ಬಾಟಲಿಗೆ ಕೈಹಾಕಿದೆ. "ರಿಜೆಕ್ಟ್" ಹನ್ನೆರಡನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದೆ. ಹನ್ನೆರಡು ತೂತುಗಳಲ್ಲೂ ಆಕಾಶ ಕಾಣಿಸಿತು. ಅವು ಅತ್ತೆ ಸೋಸಿ ತೊಳೆದ ಹನ್ನೆರಡು. ಹಗುರವಾಗಿದ್ದದ್ದು ಯಾಕೆಂದರೆ ಅವುಗಳೊಳಗೆ ಹಿತ್ತಾಳೆ ಬಿಟ್ಟು ಬೇರೇನೂ ಇರಲಿಲ್ಲ. ನಾನು ಹಗಲಿಡೀ ಕೂತು, ಲೋಪವಿಲ್ಲದ ತಕ್ಕಡಿಯಲ್ಲಿ, ಅತ್ಯಂತ ನಿಖರವಾಗಿ, ಒಂದೇ ಸಮನಾಗಿ ಹುಣಸೆಹಣ್ಣು ತುಂಬಿದ ಹತ್ತನ್ನು ಆರಿಸಿದ್ದೆ.

"ಮೇಲೆ ಥಳಕು, ಒಳಗೆ ಹುಳುಕು" ಎಂದರು ಅತ್ತೆ, ಕೇಸನ್ನು ಕುರಿತೋ ನನ್ನನ್ನು ಕುರಿತೋ ತಿಳಿಯಲಿಲ್ಲ.

"ಎಲ್ಲಾ ಅಳೆದೆ ಅತ್ತೆ" ಎಂದೆ.

"ಇಣುಕಿ ನೋಡಿದ್ಯಾ?"

ರಘು ಆಗ ಒಂದು ಒಳ್ಳೆಯ ಕೆಲಸ ಮಾಡಿದ. ಫ್ಯಾನು ಹಾಕಿ ಒಗ್ಗರಣೆಗೆ ಸಾಸಿವೆ ಸಿಡಿಸಿದ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಂದಿನ ಭಾನುವಾರ ಅತ್ತೆಯ ಹನ್ನೆರಡರಲ್ಲಿ ಹತ್ತಕ್ಕೆ ಅದೇ ಮದ್ದು, ಅದೇ ಗುಂಡು ತುಂಬಿ ಕ್ಲಬ್ಬಿಗೆ ಒಯ್ದೆ. ಪಟ್ಟಿ ಮುಗಿದಿದ್ದರೇನು? ಹತ್ತಕ್ಕೆ ಹತ್ತೂ ಹಾರಿದವು. ತೊಂಬತ್ತೇಳು! ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ತಲೆಯೆತ್ತಿ ಸುತ್ತ ನೋಡಿದೆ. ಬೋರ್ಯೆ ಖಾಲಿ ಕೇಸೊಂದನ್ನು ಹೆಕ್ಕಿ ಹೊರಳಿಸಿ ನೋಡಿ, ನಲವತ್ತು ವರ್ಷದಲ್ಲಿ ಇಷ್ಟು ಚೊಕ್ಕ ಹಿತ್ತಾಳೆ ಕಂಡಿಲ್ಲ ಎಂದರು. ಅವರ ಬಾಯಲ್ಲಿ ಅಷ್ಟು ದೊಡ್ಡ ವಾಕ್ಯ ಬಂದದ್ದೂ ಅದೇ ಮೊದಲು. ನಂತರ ಕೇಳಿದರು: "ಇದನ್ನು ತೊಳೆದದ್ದು ಯಾರು?"

ಈಗ ಕ್ಲಬ್ಬಿನ ಗೋಡೆಯ ಮೇಲೆ ಜಿಲ್ಲಾ ಪಂದ್ಯದ ಟೀಮಿನ ಪಟ್ಟಿಯಿದೆ. ಮೇಲೆ ಮೂವರು ಶೂಟರುಗಳ ಹೆಸರು. ಅದರ ಕೆಳಗೆ "ಹಿತ್ತಾಳೆ ವಿಭಾಗ" ಎಂದು ಸ್ವೀಡಿಷಿನಲ್ಲಿ ಬರೆದು, ಮುಂದೆ ನಮ್ಮತ್ತೆಯ ಹೆಸರು, ಒಂದಕ್ಷರ ತಪ್ಪಿಲ್ಲದೆ. ಅವರಿಗೆ ಕ್ಲಬ್ಬಿನ ಟೋಪಿಯನ್ನೂ ಕೊಟ್ಟಿದ್ದಾರೆ. ಸೀರೆಯ ಮೇಲೆ ಅದನ್ನು ಹಾಕಿಕೊಂಡು, ಬೋರ್ಯೆ ಬಕೆಟ್ಟಿನಲ್ಲಿ ತಂದಿಟ್ಟ ಮುನ್ನೂರು ಕೇಸುಗಳ ಮುಂದೆ ಮಣೆ ಹಾಕಿ ಕೂತಿದ್ದಾರೆ.

ಪಟ್ಟಿಯಲ್ಲಿ ಅವರ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ "ಸಹಾಯಕಿ: ಶೈಲಾ (ಬೋಂಡ)" ಎಂದಿದೆ. ಹೇಗಾದರಾಗಲಿ, ಪಟ್ಟಿಯಲ್ಲಿ ಇದ್ದೇನೆ. ಆ ನಾಲ್ಕು ಗುಂಡು ಒಂದು ಅಂಗೈಯಲ್ಲಿ ಮುಚ್ಚಿಹೋಗುತ್ತಿದ್ದವು ಎಂಬ ಮಾತಿನಿಂದ ನಾನು ಇವತ್ತಿಗೂ ಹಿಂದೆ ಸರಿದಿಲ್ಲ. ಇದನ್ನು ಅತ್ತೆಗೂ ಹೇಳಿದೆ, ಟೀ ಜಾಲರಿ ಹಿಡಿದುಕೊಂಡು.

ಅವರು ಪಾತ್ರೆಗೆ ಇಣುಕಿ ನೋಡಿ ಹೇಳಿದರು: "ಇನ್ನೊಂದ್ಸಲ ಸೋಸು."

ಸೋಸಿದೆ.